ಬಿಯರಿನ ಕಾವಲು ಬಿಯರಿಗೇ



ಈ ದತ್ತಿ ಉಪನ್ಯಾಸದ ವಿಷಯ ತಿಳಿಸಿದಾಗ ಕಾರ್ಯದರ್ಶಿಗಳು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರ್, ಆಹ್ವಾನ ಪತ್ರಿಕೇಲಿ ಬಿಯರ್ ಅಂತಲೇ ಹಾಕ್ಸೋದಾ?" ಎಂದರು. ಹಾಕಿಸಿ ಎಂದೆ. ಆಹಾರ ರಸಾಯನ ಕಲಿಸಿದವನು ಕಾಫಿ, ಅರಿಶಿನ, ನೆಲ್ಲಿಕಾಯಿಯ ಬಗ್ಗೆ ಮಾತಾಡಿದರೆ ಯಾರಿಗೂ ತಕರಾರಿಲ್ಲ. ಬಿಯರಿನ ವಿಷಯಕ್ಕೆ ಬಂದಾಗ ನಾವು ಮುಜುಗರಪಟ್ಟು ಸುಮ್ಮನಾದರೆ ಆ ಜಾಗವನ್ನು ಜಾಹೀರಾತಿನವರು ತುಂಬುತ್ತಾರೆ. ಬೆಂಗಳೂರಿನಲ್ಲಿ ಸುಮಾರು ಹದಿನೈದು ವರ್ಷಗಳಿಂದ ಮೈಕ್ರೋಬ್ರೂವರಿಗಳು ಬೆಳೆದು ನಿಂತಿವೆ. ವಾರಾಂತ್ಯಕ್ಕೆ ಅಲ್ಲಿ ಸೇರುವವರಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ಸಿಕ್ಕಾಗಲೆಲ್ಲ ಅವರು ಕೇಳುವ ಪ್ರಶ್ನೆ ಒಂದು: "ಕ್ರಾಫ್ಟ್ ಬಿಯರಲ್ಲಿ ಆಂಟಿಆಕ್ಸಿಡೆಂಟ್ ಜಾಸ್ತಿ ಇರುತ್ತಂತೆ, ನಿಜವಾ ಸಾರ್?" ನಿಜ. ಆದರೆ ಆ ನಿಜವನ್ನು ಹಿಡಿದುಕೊಂಡು ಏನು ಹೇಳಬಹುದು, ಏನು ಹೇಳಬಾರದು ಎಂಬುದೇ ಇವತ್ತು ನನ್ನ ಮಾತು.

ಮೊದಲು ಪದಾರ್ಥ ನೋಡೋಣ. ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿ, ಅಂದರೆ ಮಾಲ್ಟ್, ನೀರು, ಹಾಪ್ಸ್ ಎಂಬ ಬಳ್ಳಿಯ ಹೂಗೊಂಚಲು, ಯೀಸ್ಟ್. 1516ರಲ್ಲಿ ಬವೇರಿಯಾದ ದೊರೆಗಳು ಹೊರಡಿಸಿದ ಕಟ್ಟಳೆಯಲ್ಲಿ ಮೊದಲ ಮೂರರ ಹೆಸರಷ್ಟೇ ಇದೆ. ಯೀಸ್ಟ್ ಎಂಬ ಜೀವಿ ಹುಳಿಸುವ ಕೆಲಸ ಮಾಡುತ್ತಿದೆ ಎಂಬ ತಿಳಿವಳಿಕೆ ಆಗ ಇರಲಿಲ್ಲ. ಬಿಯರಿನ ಆಂಟಿಆಕ್ಸಿಡೆಂಟ್ ಗುಣಕ್ಕೆ ಮುಖ್ಯ ಕಾರಣವಾದ ಪಾಲಿಫಿನಾಲ್‌ಗಳಲ್ಲಿ ಶೇ 70ರಿಂದ 80 ಭಾಗ ಮಾಲ್ಟಿನಿಂದಲೇ ಬರುತ್ತದೆ. ಬಾರ್ಲಿಯ ಹೊಟ್ಟಿಗೆ ಅಂಟಿಕೊಂಡಿರುವ ಫೆರುಲಿಕ್ ಆಮ್ಲ, ಕ್ಯಾಟೆಚಿನ್, ಅದೇ ಜಾತಿಯ ಒಗರು ಪದಾರ್ಥಗಳು ಇವು. ಮಿಕ್ಕದ್ದು ಹಾಪ್ಸಿನದು. ಹಾಪ್ಸಿನ ಒಣ ಹೂವನ್ನು ಅಂಗೈಯಲ್ಲಿ ಹಿಸುಕಿದರೆ ದಳಗಳ ಬುಡದಿಂದ ಹಳದಿ ಪುಡಿ ಉದುರಿ ಬೆರಳಿಗೆ ಅಂಟುತ್ತದೆ. ಲುಪುಲಿನ್ ಎಂದು ಅದರ ಹೆಸರು. ಕಹಿ, ಪರಿಮಳ, ಈಚೆಗೆ ಬಹಳ ಸುದ್ದಿಯಲ್ಲಿರುವ ಝಾಂತೋಹ್ಯುಮಾಲ್ ಎಲ್ಲವೂ ಇರುವುದು ಆ ಪುಡಿಯಲ್ಲೇ. ನಮ್ಮಲ್ಲಿಗೆ ಹಾಪ್ಸ್ ಹೆಚ್ಚಾಗಿ ಬರುವುದು ಜರ್ಮನಿಯಿಂದ, ಅಮೆರಿಕದಿಂದ. ಹಿಮಾಚಲದ ಲಾಹೌಲ್ ಕಣಿವೆಯಲ್ಲೂ ಬೆಳೆಯುತ್ತಾರೆ. ಮಾಲ್ಟ್, ಹಾಪ್ಸ್ ಎಂಬ ಈ ಎರಡು ಮೂಲಗಳ ಜೊತೆಗೆ ಮೂರನೆಯದೊಂದಿದೆ. ಮಾಲ್ಟನ್ನು ಕಾವಿಗಿಟ್ಟಾಗ, ಹುರಿದಾಗ, ಸಕ್ಕರೆ ಮತ್ತು ಅಮೈನೋ ಆಮ್ಲಗಳು ಕೂಡಿ ಕಂದು ಬಣ್ಣದ ಮೆಲನಾಯ್ಡಿನ್ ಆಗುತ್ತವೆ. ಸ್ಟೌಟ್ ಎಂಬ ಬಗೆಯ ಬಿಯರ್ ಕಪ್ಪಗಿರುವುದು ಇದರಿಂದ. ಇದಕ್ಕೂ ಆಂಟಿಆಕ್ಸಿಡೆಂಟ್ ಗುಣವಿದೆ.

ಇನ್ನು ಮೈಕ್ರೋಬ್ರೂವರಿಯ ಈ ಕ್ರಾಫ್ಟ್ ಬಿಯರಿಗೆ ಹೆಚ್ಚುಗಾರಿಕೆ ಎಲ್ಲಿಂದ ಬಂತು? ದೊಡ್ಡ ಕಾರ್ಖಾನೆಯ ಬಿಯರ್ ಬಾಟಲಿಯಲ್ಲಿ ತಿಂಗಳುಗಟ್ಟಲೆ ಇರಬೇಕು, ಲಾರಿಯಲ್ಲಿ ಬಿಸಿಲು ತಿನ್ನಬೇಕು, ಫ್ರಿಜ್ಜಿನಲ್ಲಿಟ್ಟರೂ ಕದಡದೆ ಹೊಳೆಯಬೇಕು. ಪಾಲಿಫಿನಾಲ್‌ಗಳು ಮಾಲ್ಟಿನ ಪ್ರೋಟೀನಿನ ಜೊತೆ ಸೇರಿ ತಣ್ಣಗಾದಾಗ ಮಂಜಿನಂತೆ ಕಾಣಿಸಿಕೊಳ್ಳುವುದರಿಂದ ಕಾರ್ಖಾನೆಯವರಿಗೆ ಅವು ಬೇಡ. ಪಿವಿಪಿಪಿ ಎಂಬ ಬಿಳಿ ಪ್ಲಾಸ್ಟಿಕ್ ಪುಡಿ ಬೆರೆಸಿದರೆ ಒಗರು ಪದಾರ್ಥಗಳು ಅದಕ್ಕೆ ಅಂಟಿಕೊಳ್ಳುತ್ತವೆ, ಆಮೇಲೆ ಪುಡಿ ಸಮೇತ ಸೋಸಿ ತೆಗೆಯುತ್ತಾರೆ. ಸಾಲದ್ದಕ್ಕೆ ಬಾರ್ಲಿಯ ಪಾಲು ಇಳಿಸಿ ಅಕ್ಕಿ, ಜೋಳದ ಚೂರು, ಸಕ್ಕರೆ ಬಳಸುವುದೂ ಉಂಟು. ಮೈಕ್ರೋಬ್ರೂವರಿಗೆ ಈ ಯಾವ ಕಾಟವೂ ಇಲ್ಲ. ಟ್ಯಾಂಕಿನಿಂದ ನೇರ ಮಗ್ಗಿಗೆ. ಸೋಸದಿದ್ದರೂ ಯಾರೂ ಬೈಯುವುದಿಲ್ಲ, ಕದಡಿದ್ದೇ ಅಲ್ಲಿ ಶೋಭೆ. ಹುಳಿಯುವ ಹಂತದಲ್ಲಿ ಇನ್ನಷ್ಟು ಹಾಪ್ಸನ್ನು ತಣ್ಣಗೇ ನೆನೆಸಿಡುವ ಪದ್ಧತಿಯೂ ಇದೆ. ಇಷ್ಟೆಲ್ಲ ಕಾರಣಗಳಿಂದ ಸೋಸದ ಗೋಧಿ ಬಿಯರಿನಲ್ಲಿ, ಹಾಪ್ಸ್ ಸುರಿದ ಐಪಿಎಯಲ್ಲಿ, ಕಪ್ಪು ಸ್ಟೌಟಿನಲ್ಲಿ ಪಾಲಿಫಿನಾಲ್ ಹೆಚ್ಚಿರುವುದು ಸಹಜ. ಸಾಧಾರಣ ಲಾಗರಿನ 100 ಮಿಲಿಲೀಟರಿಗೆ 28 ಮಿಲಿಗ್ರಾಂ ಆಸುಪಾಸು ಎಂದಿಟ್ಟುಕೊಂಡರೆ ಕಪ್ಪು ಬಿಯರಿಗೆ 40ರ ಸುಮಾರು. ಹಾಲು ಹಾಕದ ಕಾಫಿ ಇವೆರಡನ್ನೂ ಸಲೀಸಾಗಿ ಹಿಂದಿಕ್ಕುತ್ತದೆ.

ಈ ಗುಣವನ್ನು ಅಳೆಯುವುದು ಹೇಗೆ ಎಂಬುದನ್ನು ಎಂ.ಎಸ್ಸಿ. ವಿದ್ಯಾರ್ಥಿಗಳು ಪ್ರಯೋಗಾಲಯದಲ್ಲಿ ನೋಡಿಯೇ ಇರುತ್ತೀರಿ, ಆದರೂ ಮಿಕ್ಕವರಿಗಾಗಿ ಹೇಳುತ್ತೇನೆ. ಡಿಪಿಪಿಎಚ್ ಎಂಬ ರಾಸಾಯನಿಕವನ್ನು ಮೆಥನಾಲಿನಲ್ಲಿ ಕರಗಿಸಿದರೆ ಗಾಢ ನೇರಳೆ ಬಣ್ಣ ಬರುತ್ತದೆ. ಅದರ ಕಣಕ್ಕೆ ಒಂದು ಎಲೆಕ್ಟ್ರಾನ್ ಜೊತೆಯಿಲ್ಲದೆ ಒಂಟಿಯಾಗಿದೆ, ಆ ಹಸಿವು ತೀರಿದರೆ ಬಣ್ಣ ಹೋಗುತ್ತದೆ. ಬಿಯರನ್ನು ಅಲುಗಾಡಿಸಿ ಗ್ಯಾಸು ಬಿಡಿಸಿ, ಸೋಸಿ, ಒಂದಿಷ್ಟು ಮೈಕ್ರೋಲೀಟರ್ ಹಾಕಿ ಕತ್ತಲೆಯಲ್ಲಿ ಅರ್ಧ ಗಂಟೆ ಇಡಿ. ನೇರಳೆ ಮಾಸಿ ಹಳದಿಗೆ ತಿರುಗಿರುತ್ತದೆ. ಎಷ್ಟು ಮಾಸಿತು ಎಂಬುದನ್ನು 517 ನ್ಯಾನೋಮೀಟರಿನಲ್ಲಿ ಓದಿ ಶೇಕಡಾವಾರು ಬರೆಯುತ್ತೀರಿ. ಸ್ಟೌಟ್ ಹಾಕಿದಾಗ ಅದರದೇ ಕಂದು ಬಣ್ಣ ಅಳತೆಯನ್ನು ಕೆಡಿಸುತ್ತದೆ, ಬ್ಲ್ಯಾಂಕ್ ಇಡದ ಹುಡುಗರು ಪ್ರತಿ ವರ್ಷ ಅಲ್ಲೇ ಜಾರುತ್ತಾರೆ. ಪ್ರಯೋಗವೇನೋ ಸೊಗಸಾದದ್ದು. ಆದರೆ ಆ ನೇರಳೆ ಕಣ ನಮ್ಮ ಮೈಯಲ್ಲಿ ಎಲ್ಲೂ ಇಲ್ಲ, ನಮ್ಮ ರಕ್ತ ಮೆಥನಾಲೂ ಅಲ್ಲ. ಸುದ್ದಿಯಾಗುವ "ಎರಡು ಪಟ್ಟು ಆಂಟಿಆಕ್ಸಿಡೆಂಟ್" ಬಹಳಮಟ್ಟಿಗೆ ಇಂಥ ಪ್ರನಾಳದ ಅಳತೆ.

ಪ್ರನಾಳದಿಂದ ನೇರವಾಗಿ ಮನುಷ್ಯನಿಗೆ ಹಾರಿದ್ದಕ್ಕೆ ಹಿಂದೊಮ್ಮೆ ದೊಡ್ಡ ಬೆಲೆ ತೆತ್ತಿದ್ದೇವೆ. 1956ರಲ್ಲಿ ಡೆನ್‌ಹ್ಯಾಮ್ ಹಾರ್ಮನ್ ಎಂಬ ಅಮೆರಿಕದ ವಿಜ್ಞಾನಿ, ಮುಪ್ಪಿಗೆ ಕಾರಣ ಒಂಟಿ ಎಲೆಕ್ಟ್ರಾನಿನ ಕಣಗಳಾದ ಫ್ರೀ ರ‍್ಯಾಡಿಕಲ್‌ಗಳು ಎಂಬ ವಾದ ಮುಂದಿಟ್ಟರು. ಹಾಗಾದರೆ ಆಂಟಿಆಕ್ಸಿಡೆಂಟ್ ಕೊಟ್ಟರೆ ಆಯಿತಲ್ಲ ಎಂಬುದು ಸರಳ ತರ್ಕ. ಫಿನ್‌ಲೆಂಡಿನಲ್ಲಿ 29 ಸಾವಿರಕ್ಕೂ ಹೆಚ್ಚು ಗಂಡಸರು, ಎಲ್ಲರೂ ಧೂಮಪಾನಿಗಳು, ವರ್ಷಗಟ್ಟಲೆ ಬೀಟಾ ಕ್ಯಾರೊಟಿನ್, ವಿಟಮಿನ್ ಇ ಅಥವಾ ಹುಸಿ ಮಾತ್ರೆ ನುಂಗಿದರು. 1994ರಲ್ಲಿ ಫಲಿತಾಂಶ ಬಂತು. ಬೀಟಾ ಕ್ಯಾರೊಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18 ಹೆಚ್ಚು! ಕಡಿಮೆಯಾಗುತ್ತದೆಂದು ಕಾದಿದ್ದವರಿಗೆ ದಂಗು ಬಡಿಯಿತು. ಆಹಾರಗಳನ್ನು ಆಂಟಿಆಕ್ಸಿಡೆಂಟ್ ಬಲದ ಪ್ರಕಾರ ಸಾಲಾಗಿ ನಿಲ್ಲಿಸಿದ ದೊಡ್ಡ ಪಟ್ಟಿಯೊಂದನ್ನು ಅಮೆರಿಕದ ಕೃಷಿ ಇಲಾಖೆ ಇಟ್ಟುಕೊಂಡಿತ್ತು. ಆ ಅಂಕಿಗಳಿಗೂ ಮನುಷ್ಯನ ಆರೋಗ್ಯಕ್ಕೂ ಸಂಬಂಧ ತೋರಿಸಲಾಗದು, ವ್ಯಾಪಾರಿಗಳು ಇದನ್ನು ದುರುಪಯೋಗ ಮಾಡುತ್ತಿದ್ದಾರೆ ಎಂದು 2012ರಲ್ಲಿ ಇಲಾಖೆಯೇ ಅದನ್ನು ತೆಗೆದುಹಾಕಿತು. ಪಟ್ಟಿ ಹೋಯಿತು, ಜಾಹೀರಾತು ಉಳಿಯಿತು.

ಬಿಯರನ್ನು ಕುಡಿಸಿ ರಕ್ತವನ್ನೇ ಪರೀಕ್ಷೆ ಮಾಡಿದವರೂ ಇದ್ದಾರೆ. ಒಂದು ಗಂಟೆಯೊಳಗೆ ರಕ್ತದ ಒಟ್ಟು ಆಂಟಿಆಕ್ಸಿಡೆಂಟ್ ಬಲ ಏರಿದ್ದು ಅಂಥ ಅಧ್ಯಯನಗಳಲ್ಲಿ ಕಂಡಿದೆ. ಸುಳ್ಳೇನಲ್ಲ. ಆದರೆ ಏರಿದ್ದು ಯಾವುದರಿಂದ? ಬಿಯರಿನ ಫಿನಾಲ್‌ಗಳು ಕರುಳು ದಾಟಿ ಯಕೃತ್ತಿಗೆ ಬರುವಷ್ಟರಲ್ಲಿ ಸಲ್ಫೇಟು, ಗ್ಲುಕುರೊನೈಡು ಅಂಟಿಸಿಕೊಂಡು ರೂಪ ಬದಲಿಸಿರುತ್ತವೆ, ರಕ್ತದಲ್ಲಿ ಅವುಗಳ ಪ್ರಮಾಣ ಲೀಟರಿಗೆ ಒಂದು ಮೈಕ್ರೋಮೋಲ್ ಮುಟ್ಟುವುದೇ ಕಷ್ಟ. ಅದೇ ರಕ್ತದಲ್ಲಿ ಮೊದಲಿನಿಂದಲೂ ಇರುವ ಇನ್ನೊಂದು ಆಂಟಿಆಕ್ಸಿಡೆಂಟ್ ಲೀಟರಿಗೆ 300 ಮೈಕ್ರೋಮೋಲಿನ ಆಸುಪಾಸಿನಲ್ಲಿದೆ. ಅದು ಯೂರಿಕ್ ಆಮ್ಲ. ಅಮೆರಿಕದ ಆರೆಗನ್ನಿನ ಲೈನಸ್ ಪಾಲಿಂಗ್ ಸಂಸ್ಥೆಯ ಇಬ್ಬರು ಸಂಶೋಧಕರು 2006ರಲ್ಲಿ ಈ ಬಗೆಯ ಅಧ್ಯಯನಗಳನ್ನೆಲ್ಲ ಜಾಲಾಡಿ, ಫ್ಲೇವನಾಯ್ಡ್ ಎಂಬ ಬಗೆಯ ಪಾಲಿಫಿನಾಲ್ ಇರುವ ಆಹಾರ ತಿಂದ ಮೇಲೆ ರಕ್ತದಲ್ಲಿ ಕಾಣುವ ಏರಿಕೆಗೆ ಬಹುಮಟ್ಟಿಗೆ ಯೂರಿಕ್ ಆಮ್ಲವೇ ಕಾರಣ ಎಂದು ತೋರಿಸಿದರು.

ಬಿಯರಿನ ಮಟ್ಟಿಗೆ ಇದು ತಮಾಷೆಯೂ ಹೌದು, ತಮಾಷೆ ಅಲ್ಲದ್ದೂ ಹೌದು. ಆಲ್ಕೋಹಾಲು ಯೂರಿಕ್ ಆಮ್ಲವನ್ನು ಏರಿಸುತ್ತದೆ, ಬಿಯರಿನಲ್ಲಿರುವ ಪ್ಯೂರಿನ್‌ಗಳು ಅದಕ್ಕೆ ಇನ್ನಷ್ಟು ಸೇರಿಸುತ್ತವೆ. ಯಂತ್ರದ ಪರದೆಯಲ್ಲಿ "ಆಂಟಿಆಕ್ಸಿಡೆಂಟ್ ಏರಿಕೆ" ಎಂದು ಕಾಣುವ ಅದೇ ಕಣ ಕೀಲಿನಲ್ಲಿ ಹರಳುಗಟ್ಟಿದರೆ ಮಧ್ಯರಾತ್ರಿ ಕಾಲಿನ ಹೆಬ್ಬೆರಳು ಉರಿಯುತ್ತದೆ, ಹೊದಿಕೆ ತಾಗಿದರೂ ಜೀವ ಹೋಗುತ್ತದೆ. ಗೌಟ್ ಬಂದವರನ್ನು ಕೇಳಿ. ಅಮೆರಿಕದಲ್ಲಿ ಸುಮಾರು 47 ಸಾವಿರ ಗಂಡಸರನ್ನು 12 ವರ್ಷ ಹಿಂಬಾಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಿನಕ್ಕೆ ಎರಡು ಅಥವಾ ಹೆಚ್ಚು ಬಿಯರ್ ಕುಡಿಯುವವರಿಗೆ ಗೌಟಿನ ಅಪಾಯ ಸುಮಾರು ಎರಡೂವರೆ ಪಟ್ಟು ಇತ್ತು. ವೈನಿನಲ್ಲಿ ಹಾಗೆ ಕಾಣಲಿಲ್ಲ.

ಈಗ ತಕ್ಕಡಿಯ ಇನ್ನೊಂದು ತಟ್ಟೆ. ಶೇ 5ರ ಬಿಯರಿನ ಅರ್ಧ ಲೀಟರ್ ಮಗ್ಗಿನಲ್ಲಿ ಸುಮಾರು 140 ಮಿಲಿಗ್ರಾಂ ಪಾಲಿಫಿನಾಲ್ ಇದ್ದರೆ ಆಲ್ಕೋಹಾಲು 20 ಗ್ರಾಂ, ಅಂದರೆ 20 ಸಾವಿರ ಮಿಲಿಗ್ರಾಂ. ಯಕೃತ್ತು ಆ ಆಲ್ಕೋಹಾಲನ್ನು ಮೊದಲು ಅಸೆಟಾಲ್ಡಿಹೈಡ್ ಮಾಡುತ್ತದೆ. ಡಿಎನ್‌ಎಗೆ ಅಂಟಿಕೊಂಡು ಕೆಡಿಸುವ ಪದಾರ್ಥ ಅದು. ಜಾಸ್ತಿ ಕುಡಿದಾಗ, ದಿನವೂ ಕುಡಿದಾಗ, ಸಿವೈಪಿ2ಇ1 ಎಂಬ ಇನ್ನೊಂದು ಕಿಣ್ವವೂ ಕೆಲಸಕ್ಕಿಳಿಯುತ್ತದೆ, ಅದರ ಕೆಲಸದ ಉಪ ಉತ್ಪನ್ನವೇ ಫ್ರೀ ರ‍್ಯಾಡಿಕಲ್‌ಗಳು. ಯಕೃತ್ತಿನ ಸ್ವಂತ ರಕ್ಷಕ ಗ್ಲುಟಾಥಯೋನ್ ಖರ್ಚಾಗುತ್ತದೆ. ಯಾವುದನ್ನು ತಡೆಯುತ್ತದೆಂದು ಹೊಗಳುತ್ತೇವೋ ಅದನ್ನೇ ಹುಟ್ಟಿಸುವ ಪದಾರ್ಥ ಅದೇ ಮಗ್ಗಿನಲ್ಲಿ ನೂರು ಪಟ್ಟಿಗೂ ಮಿಗಿಲಾಗಿ ಕೂತಿದೆ. ಅದರ ಮೇಲೆ, ಪಾಲಿಫಿನಾಲ್ ಹೆಚ್ಚಿರುವ ಬಗೆಗಳು, ಎಂದರೆ ಇಂಪೀರಿಯಲ್ ಸ್ಟೌಟು, ಡಬಲ್ ಐಪಿಎ, ಆಲ್ಕೋಹಾಲಿನಲ್ಲೂ ಶೇ 8, 9 ಎಂದು ಮುಂದಿರುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ಮೊದಲ ದರ್ಜೆಯ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಮದ್ಯದಿಂದ ಕ್ಯಾನ್ಸರ್ ಬರುವ ಜಾಗಗಳೆಂದು ಈಗ ಒಪ್ಪಿರುವವು ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಯಕೃತ್ತು, ದೊಡ್ಡ ಕರುಳು, ಸ್ತನ. ದಿನಕ್ಕೆ ಪ್ರತಿ 10 ಗ್ರಾಂ ಆಲ್ಕೋಹಾಲಿಗೆ ಸ್ತನ ಕ್ಯಾನ್ಸರಿನ ಅಪಾಯ ಶೇ 7ರಷ್ಟು ಏರುತ್ತದೆ. ಕ್ರಾಫ್ಟ್ ಎಂಬ ಕಾರಣಕ್ಕೆ ಇದರಲ್ಲಿ ರಿಯಾಯಿತಿ ಇಲ್ಲ.

"ಮಿತವಾಗಿ ಕುಡಿದರೆ ಹೃದಯಕ್ಕೆ ಒಳ್ಳೆಯದು" ಎಂಬುದೂ ನಿಮ್ಮ ನಾಲಿಗೆಯ ತುದಿಯಲ್ಲಿರಬೇಕು. ಅದರ ಕಥೆ ದೊಡ್ಡದು, ಇಲ್ಲಿ ಸಂಕ್ಷೇಪಿಸುತ್ತೇನೆ. 1992ರಲ್ಲಿ ಫ್ರೆಂಚರ ವೈನಿನ ಮೇಲೆ ಬಂದ ಪ್ರಬಂಧ ಹೊತ್ತಿಸಿದ ಉತ್ಸಾಹದಲ್ಲಿ ಬಿಯರಿನವರೂ ತಮ್ಮ ಪಾಲು ಕೇಳಿದರು. ಹಳೆಯ ಅಧ್ಯಯನಗಳಲ್ಲಿ ಕುಡಿಯದವರ ಗುಂಪಿನಲ್ಲಿ ಕಾಯಿಲೆ ಬಿದ್ದು ಕುಡಿತ ಬಿಟ್ಟವರೂ ಸೇರಿದ್ದರು, ಹಾಗಾಗಿ ಮಿತ ಕುಡುಕರು ಅವರೆದುರು ಗಟ್ಟಿಯಾಗಿ ಕಂಡರು. 2019ರಲ್ಲಿ ಚೀನಾದ ಬೃಹತ್ ಅಧ್ಯಯನವೊಂದು, ಹುಟ್ಟಿನಿಂದಲೇ ಮದ್ಯ ಒಗ್ಗದ ಜೀನು ಇರುವವರನ್ನೂ ಇಲ್ಲದವರನ್ನೂ ಹೋಲಿಸಿ ನೋಡಿದಾಗ ಮಿತ ಕುಡಿತದಿಂದ ಪಾರ್ಶ್ವವಾಯುವಿಗೆ ಸಿಗುತ್ತದೆನ್ನಲಾದ ರಕ್ಷಣೆ ಮಾಯವಾಗಿತ್ತು. ಇದನ್ನು ಪ್ರಯೋಗದಿಂದಲೇ ಇತ್ಯರ್ಥ ಮಾಡುತ್ತೇವೆಂದು ಅಮೆರಿಕದಲ್ಲಿ ಶುರುವಾದ ಹತ್ತು ಕೋಟಿ ಡಾಲರಿನ ಯೋಜನೆ 2018ರಲ್ಲಿ ನಿಂತುಹೋಯಿತು. ದುಡ್ಡಿನ ಹೆಚ್ಚಿನ ಪಾಲು ಮದ್ಯದ ಕಂಪನಿಗಳದ್ದಾಗಿತ್ತು.

ಹಾಗಾದರೆ ಬಿಯರಿನ ಫಿನಾಲ್‌ಗಳಿಂದ ಏನೂ ಆಗುವುದಿಲ್ಲವೇ? ಹಾಗೆ ಹೇಳುವುದೂ ಅನ್ಯಾಯ. ನನಗೆ ಅತ್ಯಂತ ಕುತೂಹಲ ಹುಟ್ಟಿಸಿದ ಅಧ್ಯಯನ ಜರ್ಮನಿಯದು. 2009ರ ಮ್ಯೂನಿಕ್ ಮ್ಯಾರಥಾನಿಗೆ ತಯಾರಾಗುತ್ತಿದ್ದ 277 ಗಂಡಸರನ್ನು ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ವೈದ್ಯರು ಎರಡು ಗುಂಪು ಮಾಡಿದರು. ಓಟಕ್ಕೆ ಮೂರು ವಾರ ಮೊದಲಿನಿಂದ ಓಟವಾಗಿ ಎರಡು ವಾರದವರೆಗೆ ಒಂದು ಗುಂಪು ದಿನವೂ ಒಂದರಿಂದ ಒಂದೂವರೆ ಲೀಟರ್ ಗೋಧಿ ಬಿಯರ್ ಕುಡಿಯಿತು. ಇನ್ನೊಂದು ಗುಂಪಿಗೆ ಅದೇ ರುಚಿಯ, ಪಾಲಿಫಿನಾಲ್ ಇಲ್ಲದ ಪಾನೀಯ. ಯಾರು ಯಾವುದನ್ನು ಕುಡಿಯುತ್ತಿದ್ದಾರೆಂಬುದು ಓಡುವವರಿಗೂ ವೈದ್ಯರಿಗೂ ಗೊತ್ತಿರಲಿಲ್ಲ. ಅಷ್ಟು ದೂರ ಓಡಿದ ಮೇಲೆ ಮೈಯೊಳಗೆ ಉರಿಯೂತ ಏರುತ್ತದೆ, ನೆಗಡಿ, ಗಂಟಲುನೋವು ಸುಲಭವಾಗಿ ಹಿಡಿಯುತ್ತವೆ. ಬಿಯರ್ ಕುಡಿದ ಗುಂಪಿನಲ್ಲಿ ಉರಿಯೂತದ ಸೂಚಕಗಳು ಕಡಿಮೆ ಇದ್ದವು, ನೆಗಡಿ ಗಂಟಲುನೋವೂ ಗಣನೀಯವಾಗಿ ಕಡಿಮೆ. ಸಂಶೋಧನೆಗೆ ಹಣ ಕೊಟ್ಟದ್ದು ಬಿಯರ್ ಕಂಪನಿಯೇ, ಅದನ್ನು ನೆನಪಿಡಿ. ಅದಕ್ಕಿಂತ ಮುಖ್ಯವಾಗಿ ಇನ್ನೊಂದನ್ನು ನೆನಪಿಡಿ. ಅವರು ಕುಡಿದದ್ದು ಆಲ್ಕೋಹಾಲ್ ತೆಗೆದ ಬಿಯರ್.

ಬಾರ್ಸಿಲೋನಾದಲ್ಲೂ ಇದೇ ಕಂಡಿತು. ಹೃದ್ರೋಗದ ಅಪಾಯವಿದ್ದ 33 ಗಂಡಸರಿಗೆ ನಾಲ್ಕು ವಾರ ಬಿಯರ್, ನಾಲ್ಕು ವಾರ ಆಲ್ಕೋಹಾಲಿಲ್ಲದ ಬಿಯರ್, ನಾಲ್ಕು ವಾರ ಜಿನ್ ಕೊಟ್ಟರು. ರಕ್ತನಾಳದ ಒಳಪದರವನ್ನು ದುರಸ್ತಿ ಮಾಡುವ ಜೀವಕೋಶಗಳು ಎರಡೂ ಬಗೆಯ ಬಿಯರಿನಲ್ಲಿ ಹೆಚ್ಚಿದವು, ಜಿನ್ನಿನಲ್ಲಿ ಇಲ್ಲ. ಲಿಸ್ಬನ್ನಿನಲ್ಲಿ ದಿನಕ್ಕೊಂದು ಸಣ್ಣ ಬಾಟಲಿಯಂತೆ ನಾಲ್ಕು ವಾರ ಕೊಟ್ಟಾಗ ಕರುಳಿನ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತು, ಅಲ್ಲೂ ಆಲ್ಕೋಹಾಲ್ ಇದ್ದದ್ದು ಇಲ್ಲದ್ದು ಎರಡರಲ್ಲೂ. ಇವೆಲ್ಲ ಚಿಕ್ಕ ಗುಂಪುಗಳ, ಕೆಲವೇ ವಾರಗಳ ಪ್ರಯೋಗಗಳು, ಆಯಸ್ಸಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಆದರೆ ಒಳ್ಳೆಯದು ಕಂಡ ಕಡೆಯಲ್ಲೆಲ್ಲ ಅದಕ್ಕೆ ಆಲ್ಕೋಹಾಲು ಬೇಕಾಗಿರಲಿಲ್ಲ ಎಂಬುದನ್ನಂತೂ ಹೇಳುತ್ತವೆ.

ಝಾಂತೋಹ್ಯುಮಾಲಿಗೆ ಬರೋಣ. ಇಲಿಗಳಲ್ಲಿ ಇದು ತೂಕ ಇಳಿಸಿದೆ, ಕೊಬ್ಬು, ಸಕ್ಕರೆ ಸರಿಪಡಿಸಿದೆ, ಪ್ರನಾಳದಲ್ಲಿ ಕ್ಯಾನ್ಸರ್ ಕೋಶಗಳನ್ನು ತಡೆದಿದೆ. ಒಣ ಹಾಪ್ಸಿನಲ್ಲಿ ಇದು ಶೇ ಒಂದರವರೆಗೂ ಇರುತ್ತದೆ. ಆದರೆ ಬಿಯರ್ ಮಾಡುವಾಗ ಮಾಲ್ಟಿನ ರಸವನ್ನು ಹಾಪ್ಸ್ ಹಾಕಿ ಗಂಟೆಹೊತ್ತು ಕುದಿಸುತ್ತಾರಲ್ಲ, ಆಗ ಇದರ ಬಹುಪಾಲು ಬೇರೆ ರೂಪಕ್ಕೆ ತಿರುಗುತ್ತದೆ, ಒಂದಿಷ್ಟು ಗಸಿಯೊಂದಿಗೆ, ಒಂದಿಷ್ಟು ಯೀಸ್ಟಿಗೆ ಅಂಟಿಕೊಂಡು ಹೋಗುತ್ತದೆ. ಸಾಧಾರಣ ಬಿಯರಿನಲ್ಲಿ ಕೊನೆಗೆ ಉಳಿಯುವುದು ಲೀಟರಿಗೆ 0.2 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆ. ಆರೆಗನ್ನಿನ ಅಧ್ಯಯನವೊಂದರಲ್ಲಿ ಇಲಿಗಳಿಗೆ ಕೊಟ್ಟ ಹೆಚ್ಚಿನ ಪ್ರಮಾಣವನ್ನು 70 ಕಿಲೋ ತೂಕದ ಮನುಷ್ಯನ ಲೆಕ್ಕಕ್ಕೆ ತಂದರೆ ದಿನಕ್ಕೆ 350 ಮಿಲಿಗ್ರಾಂ ಬೇಕು. ಭಾಗಿಸಿ ನೋಡಿ, 1,750 ಲೀಟರ್. ಮನೆಯ ಮೇಲಿನ ಸಾವಿರ ಲೀಟರಿನ ನೀರಿನ ಟ್ಯಾಂಕ್ ಒಂದೂಮುಕ್ಕಾಲು, ಪ್ರತಿದಿನ! ಕ್ರಾಫ್ಟ್ ಬಿಯರಿನಲ್ಲಿ ಹತ್ತು ಪಟ್ಟು ಇದೆಯೆಂದೇ ಒಪ್ಪಿಕೊಳ್ಳಿ, 175 ಲೀಟರ್ ಆಯಿತು. ಈ ಕಣದಿಂದ ಮುಂದೆ ಔಷಧಿ ಬಂದರೂ ಬರಬಹುದು, ಅದು ಮಾತ್ರೆಯಾಗಿ ಬರುತ್ತದೆ, ಮಗ್ಗಿನಲ್ಲಿ ಅಲ್ಲ.

ನಮ್ಮ ಮೈಕ್ರೋಬ್ರೂವರಿಗಳು ಕೆಲವು ರಾಗಿ ಸೇರಿಸಿದ ಬಿಯರನ್ನೂ ಮಾಡಿವೆ. "ರಾಗಿ, ಅಂದಮೇಲೆ ಆರೋಗ್ಯ" ಎಂಬ ಮಾತು ಹಿಂದೆಯೇ ಬಂತು. ರಾಗಿಯ ಕೆಂಪು ಹೊಟ್ಟಿನಲ್ಲಿ ಪಾಲಿಫಿನಾಲ್ ತುಂಬಿರುವುದು ಹೌದು. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 2002ರಲ್ಲಿ ಇಂಡಾಫ್-15 ರಾಗಿಯನ್ನು ಮೊಳಕೆ ಕಟ್ಟಿ ನೋಡಿ, ಹೊಟ್ಟಿಗೆ ಬಿಗಿದುಕೊಂಡಿದ್ದ ಫಿನಾಲಿಕ್ ಆಮ್ಲಗಳು ಕಡಿಮೆಯಾಗಿ ಬಿಡಿಯಾಗಿರುವವು ಹೆಚ್ಚುವುದನ್ನು ತೋರಿಸಿದ್ದಾರೆ. ಇಂಡಾಫ್ ಎಂದರೆ ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ತಳಿ ವಿಜ್ಞಾನಿ ಭಾರತದ ತಳಿಗೆ ಆಫ್ರಿಕದ ತಳಿ ಕೂಡಿಸಿ ಕೊಟ್ಟ ವಂಶ. ಅವರ ಹೆಸರು ಈ ಸಭೆಯಲ್ಲಿ ಒಮ್ಮೆಯಾದರೂ ಬರಲಿ ಎಂಬ ಆಸೆ ನನಗಿತ್ತು. ರಾಗಿಯ ಫಿನಾಲ್ ಬೇಕಿದ್ದರೆ ರಾಗಿ ಮಾಲ್ಟ್ ಇದೆ, ಹುರಿಹಿಟ್ಟಿದೆ, ಅಂಬಲಿ ಇದೆ. ರಾಗಿ ಬಿಯರನ್ನು ಅದರ ರುಚಿಗೆ ಕುಡಿಯುವವರು ಕುಡಿಯಲಿ, ಆರೋಗ್ಯದ ನೆಪ ಮಾತ್ರ ಬೇಡ. ಕಾನೂನೂ ಅದನ್ನೇ ಹೇಳುತ್ತದೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮದಂತೆ ಮದ್ಯದ ಲೇಬಲ್ಲಿನ ಮೇಲೆ ಆರೋಗ್ಯದ ಯಾವ ಹೇಳಿಕೆಯನ್ನೂ ಹಾಕುವಂತಿಲ್ಲ. ಯುರೋಪಿನಲ್ಲೂ ಶೇ 1.2ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಪಾನೀಯಕ್ಕೆ ಇದೇ ನಿರ್ಬಂಧ. 1929ರಿಂದ ಗಿನ್ನೆಸ್ ಕಂಪನಿ ತನ್ನ ಸ್ಟೌಟು ಮೈಗೆ ಒಳ್ಳೆಯದೆಂದು ಗೋಡೆಗೋಡೆಗಳ ಮೇಲೆ ಹಾಕಿಸುತ್ತಿದ್ದ ಕಾಲ ಹೋಯಿತು.

ಇಷ್ಟಾಗಿಯೂ ಬಿಯರ್ ಮಾಡುವವರು ಆಂಟಿಆಕ್ಸಿಡೆಂಟಿನ ಬಗ್ಗೆ ತಲೆ ಕೆಡಿಸಿಕೊಳ್ಳುವುದಕ್ಕೆ ಸಕಾರಣವಿದೆ, ಅದನ್ನು ಹೊರಗಿನವರು ಕೇಳುವುದೇ ಇಲ್ಲ. ಬಿಯರಿಗೆ ಆಮ್ಲಜನಕ ಶತ್ರು. ಹುಳಿದ ಮೇಲೆ ಶತಕೋಟಿಯಲ್ಲಿ ಹತ್ತಾರು ಭಾಗ ಆಮ್ಲಜನಕ ಒಳಹೊಕ್ಕರೂ ಹಾಪ್ಸಿನ ಪರಿಮಳ ಮಂಕಾಗುತ್ತದೆ, ಹಳೆಯದಾಗುತ್ತ ಬಂದ ಹಾಗೆ ನೊನೆನಾಲ್ ಎಂಬ ಪದಾರ್ಥದಿಂದ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಕಬ್ಬಿಣ, ತಾಮ್ರದ ಅಂಶ ನೀರಿನಲ್ಲಿದ್ದರೆ ಇನ್ನೂ ಬೇಗ. ಇದನ್ನು ತಡೆಯುವುದು ಯೀಸ್ಟ್ ತಾನೇ ಉತ್ಪತ್ತಿ ಮಾಡುವ ಸಲ್ಫೈಟು, ಮಾಲ್ಟಿನ ಮತ್ತು ಹಾಪ್ಸಿನ ಫಿನಾಲುಗಳು, ಹುರಿದ ಮಾಲ್ಟಿನ ಮೆಲನಾಯ್ಡಿನ್. ಮಾಲ್ಟ್ ಯಾವುದು ಎಂದು ಬ್ರೂವರ್ ಆರಿಸುವುದು, ಹಾಪ್ಸ್ ಯಾವಾಗ ಹಾಕಬೇಕೆಂದು ಲೆಕ್ಕ ಹಾಕುವುದು, ಟ್ಯಾಂಕಿಗೆ ಮೊದಲು ಇಂಗಾಲದ ಡೈಆಕ್ಸೈಡು ಹಾಯಿಸಿ ಗಾಳಿ ಓಡಿಸುವುದು, ಇವೆಲ್ಲದರಲ್ಲೂ ಬಿಯರನ್ನು ಕಾಪಾಡುವ ಈ ಚಿಂತೆ ಇದೆ. ಬಿಯರಿನ ಆಂಟಿಆಕ್ಸಿಡೆಂಟುಗಳು ತಮ್ಮ ಕೆಲಸವನ್ನು ಟ್ಯಾಂಕಿನಲ್ಲೇ, ಬಾಟಲಿಯಲ್ಲೇ ಮಾಡಿ ಮುಗಿಸುತ್ತವೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ನೂರು ಲೀಟರ್ ಬಿಯರ್ ಮಾಡಿದರೆ ರಸ ತೆಗೆದ ಮೇಲೆ ಸುಮಾರು 20 ಕಿಲೋ ಒದ್ದೆ ಚರಟ ಉಳಿಯುತ್ತದೆ. ಮಾಲ್ಟಿನ ಫೆರುಲಿಕ್ ಆಮ್ಲದ ದೊಡ್ಡ ಪಾಲು ಹೊಟ್ಟಿನ ನಾರಿಗೆ ಬಿಗಿದುಕೊಂಡು ಆ ಚರಟದಲ್ಲೇ ನಿಲ್ಲುತ್ತದೆ, ಮಗ್ಗಿಗೆ ಬರುವುದು ಚೂರು. ಬೆಂಗಳೂರಿನ ಸುತ್ತಮುತ್ತ ಹಸು ಸಾಕುವವರು ಇದನ್ನು ಡ್ರಮ್ಮಿನಲ್ಲಿ ಒಯ್ಯುತ್ತಾರೆ. ನೀರಿನಂಶ ಮುಕ್ಕಾಲು ಭಾಗಕ್ಕೂ ಹೆಚ್ಚಿರುವುದರಿಂದ ನಮ್ಮ ಸೆಕೆಗೆ ಒಂದೆರಡು ದಿನದಲ್ಲಿ ಹುಳಿ ನಾತ ಹಿಡಿಯುತ್ತದೆ. ಒಣಗಿಸಿ ಹಿಟ್ಟು ಮಾಡಿ ಬ್ರೆಡ್ಡಿಗೆ, ಬಿಸ್ಕತ್ತಿಗೆ ಬೆರೆಸುವ ಪ್ರಯತ್ನಗಳು ಶುರುವಾಗಿವೆ, ಅಡ್ಡಿ ಎಂದರೆ ಒಣಗಿಸುವ ಇಂಧನದ ಖರ್ಚು. ಬಿಸಿಲಿನಲ್ಲಿ ಒಣಗಿಸಿದರೆ ಬೂಸ್ಟು ಹಿಡಿಯದಂತೆ ಎಷ್ಟು ತೆಳ್ಳಗೆ ಹರಡಬೇಕು, ಆ ಹಿಟ್ಟಿನ ರೊಟ್ಟಿ ತಟ್ಟಿದಾಗ ಫೆರುಲಿಕ್ ಆಮ್ಲದಲ್ಲಿ ಎಷ್ಟು ಬಿಡಿಯಾಗುತ್ತದೆ, ಕಿಲೋಗೆ ಎಷ್ಟು ರೂಪಾಯಿ ಬೀಳುತ್ತದೆ ಎಂಬುದನ್ನು ಇಬ್ಬರು ಮೂವರು ಸೇರಿ ಒಂದು ಸೆಮಿಸ್ಟರಿನಲ್ಲಿ ಲೆಕ್ಕ ಹಾಕಬಹುದು. ಬೆಂಗಳೂರಿನಿಂದ ಚರಟ ತರಿಸಿಕೊಡುವ ಏರ್ಪಾಡು ನಾನು ಮಾಡುತ್ತೇನೆ. ಆಸಕ್ತಿ ಇರುವವರು ಚಹಾ ವಿರಾಮದಲ್ಲಿ ಹೆಸರು ಕೊಡಿ.